ಹಾಡು ಹಾಕಿ, ಹೆಸರನ್ನೂ ಹೇಳಿ

ಕನ್ನಡ ಎಫ್‌ಎಂ ವಾಹಿನಿಗಳ ಕಾರ್ಯಕ್ರಮ ಮುಖ್ಯಸ್ಥರಿಗೆ ಮತ್ತು ಹಾಡಿನ ಆ್ಯಪ್‌ಗಳಲ್ಲಿ ಕನ್ನಡ ವಿಭಾಗ ನೋಡಿಕೊಳ್ಳುವವರಿಗೆ,

ಮಾನ್ಯರೇ,

ನಮಸ್ಕಾರ. 1963ರಲ್ಲಿ ಬಂದ ಕನ್ನಡ ಹಾಡುಗಳ ವಿಚಾರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಅರವತ್ತು ವರ್ಷ ದಾಟಿದ ಈ ಹಾಡುಗಳನ್ನು ನೀವು ಇವತ್ತಿಗೂ ಹಾಕುತ್ತೀರಿ. ರಾತ್ರಿ ಹತ್ತರ ಮೇಲೆ, ಭಾನುವಾರ ಬೆಳಿಗ್ಗೆ, ಹಬ್ಬದ ದಿನ ಇವಿಲ್ಲದೆ ನಿಮಗೂ ನಡೆಯುವುದಿಲ್ಲ, ನಮಗೂ ನಡೆಯುವುದಿಲ್ಲ. ಅದಕ್ಕೆ ಮೊದಲು ಥ್ಯಾಂಕ್ಸ್. ನನ್ನ ತಕರಾರು ಬೇರೆ. ಬರೆದವರು ಯಾರು, ಸಂಗೀತ ಯಾರದು, ಹಾಡಿದವರು ಯಾರು ಅನ್ನುವ ಮೂರು ಮಾತು ನಿಮ್ಮ ಕಡೆಯಿಂದ ಬರುವುದೇ ನಿಂತುಹೋಗಿದೆ.

ನಾನು ಸಂಗೀತ ಓದಿಕೊಂಡವನಲ್ಲ. ಕೇಳುಗ ಅಷ್ಟೇ. ಮನೆಯಲ್ಲಿ ಅಪ್ಪನ ಕಾಲದ ಒಂದಷ್ಟು ಪ್ಲೇಟುಗಳಿವೆ, ಮುಳ್ಳು ಸಿಕ್ಕರೆ ಓಡುವ ಗ್ರಾಮಫೋನೂ ಇದೆ. ಹಳೆಯದೆಲ್ಲ ಚಿನ್ನ ಅಂತ ವಾದ ಮಾಡುವವನೂ ನಾನಲ್ಲ. ಆ ಕಾಲದಲ್ಲೂ ಸಪ್ಪೆ ಹಾಡುಗಳು ಬೇಕಾದಷ್ಟು ಬಂದಿವೆ, ಜನ ಮರೆತಿದ್ದಾರೆ, ಒಳ್ಳೆಯದೇ ಆಯಿತು. ಆದರೆ 1963ರ ಮಾತು ಬೇರೆ. ಯಾಕೆ ಅಂತ ಹೇಳುತ್ತೇನೆ.

ಆ ಒಂದೇ ವರ್ಷದಲ್ಲಿ ಬೇಂದ್ರೆ, ಕುವೆಂಪು, ಕೆ.ಎಸ್. ನರಸಿಂಹಸ್ವಾಮಿ ಮೂವರ ಕವಿತೆಗಳೂ ಸಿನಿಮಾದಲ್ಲಿ ಕೇಳಿಬಂದವು. ‘ಕುಲವಧು’ ಚಿತ್ರದಲ್ಲಿ ಬೇಂದ್ರೆಯವರ ‘ಯುಗ ಯುಗಾದಿ ಕಳೆದರೂ’ ಬಂತು, ಹಾಡಿದವರು ಎಸ್. ಜಾನಕಿ. ‘ಗೌರಿ’ ಚಿತ್ರದಲ್ಲಿ ಕುವೆಂಪು ಅವರ ‘ಯಾವ ಜನ್ಮದ ಮೈತ್ರಿ’ ಬಂತು. ಅದೇ ಚಿತ್ರದಲ್ಲಿ ಕೆ.ಎಸ್.ನ. ಅವರ ‘ಇವಳು ಯಾರು ಬಲ್ಲೆಯೇನು’ ಕೂಡ ಇದೆ. ಈ ಎರಡಕ್ಕೂ ಪಿ.ಬಿ. ಶ್ರೀನಿವಾಸ್ ದನಿ. ಮೂರು ಹಾಡಿಗೂ ಸಂಗೀತ ಕೊಟ್ಟವರು ಒಬ್ಬರೇ, ಜಿ.ಕೆ. ವೆಂಕಟೇಶ್.

ಇದು ಸಣ್ಣ ವಿಷಯ ಅಲ್ಲ. ಸಿನಿಮಾದ ಹಾಡು ಅಂದರೆ ಸಾಮಾನ್ಯವಾಗಿ ಸನ್ನಿವೇಶ ಹೇಳಿ, ಟ್ಯೂನ್ ಕೊಟ್ಟು, ಅದಕ್ಕೆ ಸರಿಯಾಗಿ ಬರೆಸುವುದು. ಇಲ್ಲಿ ಕವಿತೆ ಮೊದಲೇ ಇತ್ತು. ಕೆ.ಎಸ್.ನ. ಅವರ ಕವಿತೆಗಳ ಪುಸ್ತಕ ‘ಮೈಸೂರು ಮಲ್ಲಿಗೆ’ ಅಚ್ಚಾಗಿದ್ದೇ 1942ರಲ್ಲಿ. ಕವಿಯ ಒಂದು ಅಕ್ಷರವನ್ನೂ ಎಳೆದಾಡದೆ ಅದನ್ನು ಟೆಂಟ್‌ನಲ್ಲಿ ನೆಲದ ಮೇಲೆ ಕೂತವರೂ ಗುನುಗುವ ಹಾಗೆ ಮಾಡಬೇಕಿತ್ತು. ಪಿ. ಕಾಳಿಂಗರಾಯರು ಮೋಹನ್‌ಕುಮಾರಿ, ಸೋಹನ್‌ಕುಮಾರಿಯರ ಜೊತೆ ಊರೂರಿನ ವೇದಿಕೆಗಳಲ್ಲಿ ಕವಿತೆ ಹಾಡಿ ಜನರ ಕಿವಿ ಹದ ಮಾಡಿದ್ದರು, ನಿಜ. ಆದರೆ ಸಿನಿಮಾ ತಲುಪಿದಷ್ಟು ದೂರ ವೇದಿಕೆ ತಲುಪುವುದಿಲ್ಲ. ಪುಸ್ತಕ ಹಿಡಿಯದ ಮನೆಗಳಿಗೂ ಬೇಂದ್ರೆ ಹೋಗಿದ್ದು ಹೀಗೆ. ಇವತ್ತು ಯುಗಾದಿ ಅಂದರೆ ಬೇವು ಬೆಲ್ಲದ ಜೊತೆ ಈ ಹಾಡೂ ಬೇಕು ಅನ್ನುವಷ್ಟು ಅಭ್ಯಾಸವಾಗಿದೆ.

ಆ ವರ್ಷದ ಇನ್ನೂ ಕೆಲವು ಹೇಳಿ ಮುಂದೆ ಹೋಗುತ್ತೇನೆ. ‘ನಂದಾದೀಪ’ಕ್ಕೆ ಸೋರಟ್ ಅಶ್ವಥ್ ಬರೆದರು, ಎಂ. ವೆಂಕಟರಾಜು ಸಂಗೀತ ಮಾಡಿದರು. ‘ಗಾಳಿಗೋಪುರ’ ಅಂತ ಶುರುವಾಗುವ ಹಾಡು ಅದರದ್ದೇ. ‘ಸಂತ ತುಕಾರಾಂ’ ಚಿತ್ರದಲ್ಲಿ ವಿಜಯಭಾಸ್ಕರ್ ಸಂಗೀತದಲ್ಲಿ ಪಿ.ಬಿ.ಎಸ್. ಹಾಡಿದ ‘ಜಯತು ಜಯ ವಿಠಲ’ವನ್ನು ಭಜನೆ ಮಂಡಳಿಗಳು ತಮ್ಮದೇ ಮಾಡಿಕೊಂಡಿವೆ. ‘ವೀರಕೇಸರಿ’ಯ ‘ಮೆಲ್ಲುಸಿರೀ ಸವಿಗಾನ’ ಕು.ರಾ. ಸೀತಾರಾಮಶಾಸ್ತ್ರಿಗಳ ರಚನೆ. ರಾಜ್‌ಕುಮಾರ್ ಚಿತ್ರ ಅಂದ ತಕ್ಷಣ ದನಿ ಪಿ.ಬಿ.ಎಸ್. ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಈ ಹಾಡು ಹಾಗಲ್ಲ. ಸಂಗೀತ ಕೊಟ್ಟ ಘಂಟಸಾಲ ಅವರೇ ಪಿ. ಸುಶೀಲಾ ಜೊತೆ ಹಾಡಿದ್ದಾರೆ. (ಟೆಂಟ್‌ನಲ್ಲಿ ಆಟ ಶುರುವಾಗುವ ಮೊದಲು ‘ನಮೋ ವೆಂಕಟೇಶ’ ಕೇಳಿ ಓಡಿದವರಿಗೆ ಘಂಟಸಾಲ ಯಾರು ಅಂತ ಬೇರೆ ಹೇಳಬೇಕಾಗಿಲ್ಲ.)

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ.

ಈಚಿನ ಒಂದು ಯುಗಾದಿ ಬೆಳಿಗ್ಗೆ ಒಂದು ವಾಹಿನಿಯಲ್ಲಿ ‘ಯುಗ ಯುಗಾದಿ’ ಹಾಕಿದರು. ಅದಕ್ಕೆ ಮುಂಚೆ ಆರ್‌ಜೆ ಹೋಳಿಗೆಯ ಬಗ್ಗೆ ಮಾತಾಡಿದರು, ಹೊಸ ಬಟ್ಟೆಯ ರಿಯಾಯಿತಿ ಬಗ್ಗೆ ಮಾತಾಡಿದರು, ಒಬ್ಬ ಕೇಳುಗರ ಅತ್ತೆಯ ಕಾಲೆಳೆದರು. ಎಲ್ಲ ಚೆನ್ನಾಗಿತ್ತು, ನಾನೂ ನಕ್ಕೆ. ಆಮೇಲೆ “ಅಣ್ಣಾವ್ರ ಎವರ್‌ಗ್ರೀನ್ ಹಾಡು” ಅಂತ ಹೇಳಿ ಹಾಡು ಬಿಟ್ಟರು. ಹಾಡು ಮುಗಿದ ಮೇಲಾದರೂ ಹೇಳುತ್ತಾರೆ ಅಂತ ಕಾದೆ. ಜಾಹೀರಾತು ಬಂತು. ಬೇಂದ್ರೆ ಹೆಸರು ಬರಲಿಲ್ಲ, ಜಾನಕಿಯಮ್ಮನ ಹೆಸರು ಬರಲಿಲ್ಲ, ಜಿ.ಕೆ. ವೆಂಕಟೇಶ್ ಹೆಸರಂತೂ ಇಲ್ಲವೇ ಇಲ್ಲ. ಹೆಣ್ಣು ದನಿಯಲ್ಲಿರುವ ಹಾಡನ್ನು ನಟರ ಹೆಸರಿಗೆ ಬರೆದುಕೊಟ್ಟ ಹಾಗಾಯಿತು. ರಾಜ್‌ಕುಮಾರ್ ಅವರನ್ನು ನಾನೂ ಪ್ರೀತಿಸುತ್ತೇನೆ, ಅವರ ಅಭಿಮಾನಿಗಳು ಬೇಜಾರು ಮಾಡಿಕೊಳ್ಳಬಾರದು. ಅವರಿಗೆ ಯಾವುದು ಕಮ್ಮಿಯಾಗಿದೆ ಅಂತ ಬೇರೆಯವರ ಕೆಲಸವನ್ನೂ ಅವರ ಖಾತೆಗೆ ಹಾಕಬೇಕು?

ಆ್ಯಪ್‌ಗಳ ಕಥೆ ಇನ್ನೂ ವಿಚಿತ್ರ. ಒಂದು ಆ್ಯಪ್‌ನಲ್ಲಿ ‘ಇವಳು ಯಾರು ಬಲ್ಲೆಯೇನು’ ಹುಡುಕಿ ನೋಡಿದೆ. ಹಾಡು ಸಿಕ್ಕಿತು. ಪಕ್ಕದಲ್ಲಿ ಯಾವುದೋ ಕಲರ್ ಸಿನಿಮಾದ ಫೋಟೋ. ‘ಗೌರಿ’ ಕಪ್ಪು ಬಿಳುಪಿನ ಚಿತ್ರ. ಬಿಡುಗಡೆಯಾದ ವರ್ಷ ಅಂತ ಇರುವ ಕಡೆ ಅವರು ಅದನ್ನು ಆ್ಯಪ್‌ಗೆ ಏರಿಸಿದ ವರ್ಷ. ಸಾಹಿತ್ಯ ಅನ್ನುವ ಜಾಗ ಖಾಲಿ. ಖಾಲಿ ಬಿಟ್ಟಿದ್ದು ಒಂದು ರೀತಿಯಲ್ಲಿ ವಾಸಿ, ಇನ್ನೊಂದು ಕಡೆ ಸಂಗೀತ ನಿರ್ದೇಶಕರ ಹೆಸರನ್ನೇ ಗೀತರಚನೆಕಾರರ ಜಾಗದಲ್ಲೂ ತುಂಬಿದ್ದರು. ತಪ್ಪು ತಿದ್ದಿ ಅಂತ ಬರೆದೆ. “ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ನಿಮಗೆ ಇನ್ನೇನಾದರೂ ಸಹಾಯ ಬೇಕೇ?” ಅಂತ ಯಂತ್ರ ಉತ್ತರ ಕೊಟ್ಟಿತು. ಹಾಡಿನ ಪುಟ ಹಾಗೇ ಇದೆ.

ನನ್ನ ಹತ್ತಿರ ಇರುವ ಪ್ಲೇಟು ತೆಗೆದು ನೋಡುತ್ತೇನೆ. ನಡುವಿನ ದುಂಡು ಕಾಗದ ಅಂಗೈಯಷ್ಟು ಅಗಲ, ಅದರ ಮಧ್ಯೆ ತೂತು ಬೇರೆ. ಒಂದು ಬದಿಗೆ ಹೆಚ್ಚೆಂದರೆ ಮೂರು, ಮೂರೂವರೆ ನಿಮಿಷ ಓಡುವ ಪ್ಲೇಟು ಅದು. ಅಷ್ಟು ಚಿಕ್ಕ ಜಾಗದಲ್ಲೂ ಹಾಡಿನ ಮೊದಲ ಸಾಲು, ಚಿತ್ರದ ಹೆಸರು, ಹಾಡಿದವರು, ಸಂಗೀತ ನಿರ್ದೇಶಕರು ಎಲ್ಲರಿಗೂ ಜಾಗ ಮಾಡಿಕೊಟ್ಟಿದ್ದಾರೆ. ಅಕ್ಷರ ಸಣ್ಣದು, ಬೆಳಕಿಗೆ ಹಿಡಿದು ಓದಬೇಕು, ಆದರೆ ಇದೆ. ಎಷ್ಟು ಬೇಕಾದರೂ ಮೇಲಕ್ಕೆ ಸರಿಸಬಹುದಾದ ನಿಮ್ಮ ಪರದೆಯ ಮೇಲೆ ಅದೇ ಹೆಸರುಗಳಿಗೆ ಜಾಗ ಇಲ್ಲ ಅಂದರೆ ನಂಬುವುದು ಕಷ್ಟ.

ಜಾಗ ಇಲ್ಲದೆ ಅಲ್ಲ ಅನ್ನುವುದಕ್ಕೆ ನಿಮ್ಮಲ್ಲೇ ಸಾಕ್ಷಿ ಇದೆ. ಅದೇ 1963ರಲ್ಲಿ ಲಂಡನ್ನಿನಲ್ಲಿ ಬೀಟಲ್ಸ್ ತಂಡದವರ ಮೊದಲ ಎಲ್‌ಪಿ, ಅಂದರೆ ಹಲವು ಹಾಡು ಹಿಡಿಸುವ ದೊಡ್ಡ ಪ್ಲೇಟು, ಹೊರಬಂತು. ಅದರ ಬಹುಪಾಲು ಹಾಡುಗಳನ್ನು ಫೆಬ್ರವರಿ 11ರಂದು ಒಂದೇ ದಿನದಲ್ಲಿ ಮುಗಿಸಿದ್ದರು. ಯಾವ ಹಾಡು ಲೆನನ್ ಮತ್ತು ಮೆಕಾರ್ಟ್ನಿ ಬರೆದದ್ದು, ಯಾವುದು ಬೇರೆಯವರದ್ದು, ನಿರ್ಮಾಪಕರು ಜಾರ್ಜ್ ಮಾರ್ಟಿನ್ ಅನ್ನುವುದೆಲ್ಲ ನಿಮ್ಮ ಆ್ಯಪ್‌ನಲ್ಲಿ ಎರಡು ಸಲ ಬೆರಳು ಒತ್ತಿದರೆ ಸಿಗುತ್ತದೆ. ಆ ಎಲ್‌ಪಿ ಹೊರತಂದದ್ದು ಇಎಂಐ ಕಂಪನಿ. ನಮ್ಮ ಆ ಕಾಲದ ಬಹಳಷ್ಟು ಪ್ಲೇಟುಗಳನ್ನು ಕಲ್ಕತ್ತೆಯ ಡಮ್ ಡಮ್ ಕಾರ್ಖಾನೆಯಲ್ಲಿ ಒತ್ತುತ್ತಿದ್ದ ಗ್ರಾಮಫೋನ್ ಕಂಪನಿಯೂ ಅದೇ ಇಎಂಐ ಬಳಗದ್ದು. ವರ್ಷ ಅದೇ, ಬಳಗ ಅದೇ, ಇವತ್ತು ಕೇಳಿಸುತ್ತಿರುವ ಆ್ಯಪ್ ಕೂಡ ಅದೇ. ಮೆಕಾರ್ಟ್ನಿ ಹೆಸರು ಕನ್ನಡದ ಹುಡುಗನಿಗೂ ಗೊತ್ತು. ಜಿ.ಕೆ. ವೆಂಕಟೇಶ್ ಯಾರು ಅಂತ ಕೇಳಿದರೆ ಅವನು ಫೋನ್ ನೋಡುತ್ತಾನೆ, ಫೋನ್ ಸುಮ್ನೆ ಇರುತ್ತದೆ.

ಶಾಸ್ತ್ರೀಯ ಸಂಗೀತದವರಿಗೆ ಈ ಕಷ್ಟ ಇಷ್ಟು ಬಂದಿಲ್ಲ. ಯಾಕೆಂದರೆ ಅವರು ಮೊದಲೇ ಹುಷಾರಾಗಿದ್ದರು, ಹೆಸರನ್ನು ಹಾಡಿನ ಒಳಗೇ ಹೆಣೆದುಬಿಟ್ಟರು. ಪುರಂದರ ವಿಠಲ ಅಂತ ಬಂದರೆ ಕೇಳಬೇಕಾಗಿಲ್ಲ. ಕಾಗಿನೆಲೆಯಾದಿಕೇಶವ ಅಂದರೆ ಕನಕದಾಸರು. ಮೈಸೂರು ವಾಸುದೇವಾಚಾರ್ಯರು 1961ರಲ್ಲಿ ತೀರಿಕೊಂಡರು, ಅವರ ಕೃತಿ ಎಲ್ಲಿ ಹಾಡಿದರೂ ‘ವಾಸುದೇವ’ ಅನ್ನುವ ಅಂಕಿತ, ಅಂದರೆ ಬರೆದವರ ಗುರುತಿನ ಪದ, ಜೊತೆಗೇ ಹೋಗುತ್ತದೆ. 1963ರಲ್ಲಿ ನಮ್ಮ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರೇ ಸಾಹಿತ್ಯ, ಸಂಗೀತ ಎರಡನ್ನೂ ತಾವೇ ರಚಿಸುವ ದೊಡ್ಡ ವಾಗ್ಗೇಯಕಾರರು, ಅವರ ಅಂಕಿತ ‘ಶ್ರೀವಿದ್ಯಾ’. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ದನಿ ತುಂಬಿ ಹರಿಯುತ್ತಿದ್ದ ಕಾಲ ಅದು. ಅವರು ಹಾಡುತ್ತಿದ್ದ ಉತ್ತರಾದಿ (ಹಿಂದೂಸ್ತಾನಿ) ಸಂಗೀತದ ಬಂದಿಶ್‌ಗಳಲ್ಲೂ, ಅಂದರೆ ರಚನೆಗಳಲ್ಲೂ, ‘ಸದಾರಂಗ’ ಅಂತ ಬರುತ್ತದಲ್ಲ, ಅದೂ ಬರೆದವರ ಗುರುತೇ. ಹಾಡುವವರು ಬೇಕಂತ ಬಿಟ್ಟರೂ ಬಿಡಲಾಗದ ಹಾಗೆ ಕಟ್ಟಿಟ್ಟಿದ್ದಾರೆ.

ಅದು ಸಾಲದು ಅಂತ ಆಕಾಶವಾಣಿಯಲ್ಲಿ ಕಚೇರಿ ಶುರುವಾಗುವ ಮೊದಲು ಪಿಟೀಲು ಯಾರು, ಮೃದಂಗ ಯಾರು ಅಂತ ಹೇಳುತ್ತಿದ್ದರು. ಕೃತಿ, ರಾಗ, ತಾಳ, ರಚನೆ ಎಲ್ಲ ಹೇಳಿಯೇ ಮುಂದೆ ಹೋಗುತ್ತಿದ್ದರು. ಸಿನಿಮಾ ಹಾಡಿಗೂ ರೇಡಿಯೊದಲ್ಲಿ ಆ ಮರ್ಯಾದೆ ಸಿಕ್ಕಿತು, ಆದರೆ ಸುಲಭವಾಗಿ ಸಿಗಲಿಲ್ಲ. ಬಿ.ವಿ. ಕೇಸ್ಕರ್ ಅವರು ಕೇಂದ್ರದಲ್ಲಿ ಮಂತ್ರಿಯಾಗಿದ್ದಾಗ ಸಿನಿಮಾ ಹಾಡನ್ನು ಆಕಾಶವಾಣಿಯಿಂದ ಆಚೆ ಇಟ್ಟರು, ಜನ ಶ್ರೀಲಂಕಾದ ರೇಡಿಯೊ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು. ಆಮೇಲೆ 1957ರ ಅಕ್ಟೋಬರ್‌ನಲ್ಲಿ ಸಿನಿಮಾ ಹಾಡು ಹಾಕುವ ಆಕಾಶವಾಣಿಯದೇ ವಿವಿಧ ಭಾರತಿ ಶುರುವಾಯಿತು. ಒಳಗೆ ಬಂದ ಮೇಲೆ ಮಾತ್ರ ಭೇದ ಇರಲಿಲ್ಲ. ಚಿತ್ರ ಇಂಥದ್ದು, ಸಾಹಿತ್ಯ ಇಂಥವರದ್ದು, ಸಂಗೀತ ಇಂಥವರದ್ದು, ಹಾಡಿದವರು ಇಂಥವರು ಅಂತ ಹೇಳಿಯೇ ಹಾಡು ಬರುತ್ತಿತ್ತು. ನಮ್ಮ ತಲೆಮಾರಿಗೆ ಸೋರಟ್ ಅಶ್ವಥ್, ಕು.ರಾ.ಸೀ. ಅನ್ನುವ ಹೆಸರು ಬಾಯಿಗೆ ಬಂದದ್ದು ಶಾಲೆಯಲ್ಲಲ್ಲ, ಆ ಉದ್ಘೋಷಕರಿಂದ. ಸಿನಿಮಾ ಹಾಡಿನಲ್ಲಿ ಅಂಕಿತ ಇರುವುದಿಲ್ಲ. ಹೇಳುವವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಮ್ಮ ಮೇಲೆ ನಾನು ಇಷ್ಟು ಭಾರ ಹಾಕುತ್ತಿರುವುದು ಅದಕ್ಕೇ.

ಭಕ್ತಿ ಸಂಗೀತದಲ್ಲೂ ಮರೆವು ಇದೆ ಅನ್ನುವುದನ್ನು ಒಪ್ಪುತ್ತೇನೆ. ಎಂ.ಎಸ್. ಸುಬ್ಬುಲಕ್ಷ್ಮಿಯವರ ‘ವೆಂಕಟೇಶ ಸುಪ್ರಭಾತ’ದ ಎಲ್‌ಪಿ ಬಂದದ್ದೂ 1963ರಲ್ಲೇ. ಅದೇ ವರ್ಷ ಅವರು ಎಡಿನ್‌ಬರೋ ಉತ್ಸವದಲ್ಲಿ ಹಾಡಿ ಬಂದರು. ಆ ಸುಪ್ರಭಾತದ ರಾಯಲ್ಟಿಯನ್ನು ತಿರುಪತಿಯ ವೇದಪಾಠಶಾಲೆಗೆ ಬಿಟ್ಟುಕೊಟ್ಟರು. ಇವತ್ತಿಗೂ ನಮ್ಮ ಹೋಟೆಲುಗಳಲ್ಲಿ ಮೊದಲ ಇಡ್ಲಿ ಬೇಯುವಾಗ ಅದೇ ದನಿ. ಆದರೆ ಬರೆದವರು ಪ್ರತಿವಾದಿ ಭಯಂಕರಂ ಅಣ್ಣಂಗರಾಚಾರ್ಯರು ಅಂತ ಎಷ್ಟು ಜನರಿಗೆ ಗೊತ್ತು? ಅಂದಹಾಗೆ ನಮ್ಮ ಪಿ.ಬಿ. ಶ್ರೀನಿವಾಸ್ ಅವರ ‘ಪಿ.ಬಿ.’ ಕೂಡ ಪ್ರತಿವಾದಿ ಭಯಂಕರವೇ. ಕಾಕಿನಾಡದಲ್ಲಿ ಹುಟ್ಟಿ, ಮದ್ರಾಸಿನಲ್ಲಿ ನೆಲೆಸಿ, ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಇಟ್ಟುಕೊಂಡು ಹಲವು ಭಾಷೆಯಲ್ಲಿ ಪದ್ಯ ಬರೆಯುತ್ತಿದ್ದ ಮನುಷ್ಯ. ಕುವೆಂಪು ಅವರ ಸಾಲನ್ನು ಅವರಷ್ಟು ಸ್ವಚ್ಛವಾಗಿ ಉಚ್ಚರಿಸುವ ಆರ್‌ಜೆಗಳು ನಿಮ್ಮಲ್ಲಿ ಎಷ್ಟಿದ್ದಾರೆ ಅಂತ ಕೇಳುವ ಆಸೆ ಇದೆ, ಜಗಳ ಬೇಡ ಅಂತ ಬಿಟ್ಟಿದ್ದೇನೆ.

ನಿಮ್ಮ ಕಡೆಯ ಉತ್ತರಗಳನ್ನೂ ಬಲ್ಲೆ. ಟೈಮ್ ಇಲ್ಲ ಅನ್ನುತ್ತೀರಿ. ಮೂರು ಹೆಸರು ಹೇಳಲು ಹತ್ತು ಸೆಕೆಂಡು ಸಾಕು. ಕೇಳುಗರಿಗೆ ಬೋರ್ ಆಗುತ್ತದೆ ಅನ್ನುತ್ತೀರಿ. ಒಂದೇ ಒಡವೆ ಅಂಗಡಿಯ ಜಾಹೀರಾತನ್ನು ಗಂಟೆಗೆ ನಾಲ್ಕು ಸಲ ಕೇಳಿಸಿಕೊಳ್ಳುವವರಿಗೆ ಬೇಂದ್ರೆ ಹೆಸರು ಕೇಳಿದರೆ ಬೋರ್ ಆಗುತ್ತದಾ? ಮಾಹಿತಿ ಕಂಪನಿಯಿಂದ ಬಂದ ಹಾಗೇ ಹಾಕಿದ್ದೇವೆ, ನಮ್ಮ ಕೈಯಲ್ಲಿಲ್ಲ ಅನ್ನುವುದು ಆ್ಯಪ್‌ನವರ ಮಾತು. ಇದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಹಾಡಿಗೆ ದುಡ್ಡು ಹಂಚುವ ಲೆಕ್ಕ ಬಂದಾಗ ಇಷ್ಟು ಸಡಿಲ ಇರುವುದಿಲ್ಲ ಅಲ್ವಾ?

ಕಾನೂನಿನ ಮಾತೂ ಸ್ವಲ್ಪ ಹೇಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದು ಹೊರಬಂದ ಮುಂದಿನ ವರ್ಷದಿಂದ 60 ವರ್ಷ. ಅಂದರೆ 1963ರಲ್ಲಿ ಬಂದ ಪ್ಲೇಟುಗಳ ಧ್ವನಿಮುದ್ರಣದ ಹಕ್ಕು 2023ರ ಕೊನೆಗೆ ಮುಗಿದಿದೆ. ಸಾಹಿತ್ಯ, ಸಂಗೀತದ ಹಕ್ಕು ಬೇರೆ, ಅದು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತದೆ. ಬೇಂದ್ರೆಯವರು ಹೋದದ್ದು 1981ರಲ್ಲಿ, ಕುವೆಂಪು 1994ರಲ್ಲಿ, ಜಿ.ಕೆ. ವೆಂಕಟೇಶ್ 1993ರಲ್ಲಿ. ಕಾಯ್ದೆಯ ಲೆಕ್ಕದಲ್ಲಿ ಬೇಂದ್ರೆ 2041ರ ಕೊನೆಯವರೆಗೂ ಇದ್ದಾರೆ. ಅದೇ ಕಾಯ್ದೆಯ 57ನೇ ಸೆಕ್ಷನ್ ಇನ್ನೂ ಒಂದು ಮಾತು ಹೇಳುತ್ತದೆ: ಹಕ್ಕನ್ನು ಯಾರಿಗೆ ಮಾರಿದರೂ, ಇದು ನನ್ನ ಕೃತಿ ಅಂತ ಹೇಳಿಕೊಳ್ಳುವ ಹಕ್ಕು ಬರೆದವರ ಹತ್ತಿರವೇ ಉಳಿಯುತ್ತದೆ. ನಾನು ಕೋರ್ಟಿಗೆ ಹೋಗುವ ಮನುಷ್ಯ ಅಲ್ಲ, ಹೆದರಿಸುತ್ತಲೂ ಇಲ್ಲ. ಹೆಸರು ಹೇಳುವುದನ್ನು ನೀವು ಕೊಡುವ ಉಡುಗೊರೆ ಅಂತ ಅಂದುಕೊಂಡಿದ್ದರೆ ಹಾಗಲ್ಲ ಅಂತ ಹೇಳಿದೆ, ಅಷ್ಟೇ.

ಹೆಸರೇ ಸಿಗದವರ ಒಂದು ಗುಂಪೂ ಇದೆ. ಆಗ ಕನ್ನಡ ಹಾಡುಗಳು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೊಗಳಲ್ಲಿ ಮುದ್ರಣವಾಗುತ್ತಿದ್ದವು. ಗಾಯಕರು, ಕೋರಸ್‌ನವರು, ಪಿಟೀಲು, ಕೊಳಲು, ತಬಲಾದವರು ಎಲ್ಲ ಒಟ್ಟಿಗೆ ನಿಂತು ಒಂದೇ ಸಲಕ್ಕೆ ಹಾಡಬೇಕು, ನುಡಿಸಬೇಕು. ಇವತ್ತಿನ ಹಾಗೆ ಒಂದೊಂದೇ ತುಂಡು ಹಿಡಿದು ಆಮೇಲೆ ಜೋಡಿಸುವುದು ಇರಲಿಲ್ಲ. ಕೊನೆಯ ಚರಣದಲ್ಲಿ ಕೊಳಲಿನವರು ಒಂದು ಸ್ವರ ತಪ್ಪಿದರೂ ಎಲ್ಲರೂ ಮತ್ತೆ ಮೊದಲಿಂದ. ಹಾಗೆ ಮೈಯೆಲ್ಲ ಕಿವಿಯಾಗಿ ನುಡಿಸಿದವರ ಹೆಸರು ಪ್ಲೇಟಿನ ಮೇಲೂ ಇಲ್ಲ, ಚಿತ್ರದ ಟೈಟಲ್‌ನಲ್ಲೂ ಹೆಚ್ಚಾಗಿ ಇಲ್ಲ. ಅವರ ವಿಷಯದಲ್ಲಿ ನಿಮ್ಮನ್ನು ದೂರಿ ಪ್ರಯೋಜನವಿಲ್ಲ. ಆದರೆ ಇರುವ ಹೆಸರುಗಳನ್ನೂ ಕಳೆದುಕೊಂಡರೆ ನಾಳೆ ಬೇಂದ್ರೆಯವರೂ ಈ ಸಾಲಿಗೇ ಸೇರುತ್ತಾರೆ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಎಫ್‌ಎಂನವರು ಹಾಡಿನ ಮುಂಚೆಯೋ ನಂತರವೋ ಬರೆದವರು, ಸಂಗೀತ ನಿರ್ದೇಶಕರು, ಹಾಡಿದವರ ಹೆಸರು ಹೇಳಬೇಕು. ಎಲ್ಲ ಹಾಡಿಗೂ ಆಗದಿದ್ದರೆ ಹಳೆ ಹಾಡಿನ ಕಾರ್ಯಕ್ರಮಗಳಿಂದಲಾದರೂ ಶುರು ಮಾಡಿ. ನಟರ ಹೆಸರು ಬೇಡ ಅನ್ನುತ್ತಿಲ್ಲ, ಅದರ ಜೊತೆಗೆ ಹೇಳಿ. ಆ್ಯಪ್‌ನವರು ಹಾಡು ಮೊದಲು ಬಂದ ವರ್ಷವನ್ನೇ ಹಾಕಬೇಕು, ನೀವು ಏರಿಸಿದ ವರ್ಷವನ್ನಲ್ಲ. ಕವಿಯ ಹೆಸರು ಕನ್ನಡ ಲಿಪಿಯಲ್ಲಿ ಇರಲಿ, ಆ ಹೆಸರು ಒತ್ತಿದರೆ ಅವರ ಬೇರೆ ಹಾಡುಗಳೂ ತೆರೆದುಕೊಳ್ಳಲಿ. ತಪ್ಪು ತೋರಿಸಿದವರಿಗೆ ಉತ್ತರ ಕೊಡಲು ಕನ್ನಡ ಓದಬಲ್ಲ ಒಬ್ಬ ಮನುಷ್ಯ ಬೇಕು. ಯಂತ್ರದ ಹತ್ತಿರ ಎಷ್ಟು ಅಂತ ಮಾತಾಡುವುದು?

ಈ ಪತ್ರ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರ ಕಣ್ಣಿಗೆ ಬಿದ್ದರೆ ಅವರಿಗೂ ಒಂದು ಮನವಿ. ತನ್ನ ಬಳಿ ಇರುವ ಪ್ರತಿಯನ್ನು ಉಳಿಸಿಕೊಳ್ಳುವುದಕ್ಕೆ ಡಿಜಿಟಲ್ ಮಾಡಿಟ್ಟುಕೊಳ್ಳಲು, ವ್ಯಾಪಾರಕ್ಕಲ್ಲದ ಸಾರ್ವಜನಿಕ ಗ್ರಂಥಾಲಯಕ್ಕೆ ಕಾಯ್ದೆಯಲ್ಲೇ ಅವಕಾಶವಿದೆ. ಊರೂರುಗಳ ಅಟ್ಟದ ಮೇಲೆ ಪ್ಲೇಟುಗಳಿವೆ, ಟ್ರಂಕಿನೊಳಗೆ ಆಟದ ದಿನ ಕೊಂಡ ಹಾಡಿನ ಪುಸ್ತಕಗಳಿವೆ. ಮನೆ ಖಾಲಿ ಮಾಡುವಾಗ ಅವು ಗುಜರಿಗೆ ಹೋಗುತ್ತವೆ. ಒಂದು ಗ್ರಂಥಾಲಯ ಅವನ್ನು ತೆಗೆದುಕೊಳ್ಳುತ್ತೇವೆ ಅಂತ ಪ್ರಕಟಣೆ ಕೊಡಲಿ. ಹಾಡಿನ ಪುಸ್ತಕದಲ್ಲಿ ಬರೆದವರ ಹೆಸರು ಇರುತ್ತದೆ. ನಿಮ್ಮ ಆ್ಯಪ್‌ನ ಖಾಲಿ ಜಾಗಗಳಿಗೆ ಅಷ್ಟು ನಂಬುವಂಥ ಆಧಾರ ಬೇರೆಲ್ಲೂ ಸುಲಭಕ್ಕೆ ಸಿಗಲಾರದು.

1963ರ ಹಾಡುಗಳಲ್ಲಿ ಗೊತ್ತಿರುವಷ್ಟಕ್ಕೆ ಚಿತ್ರ, ಸಾಹಿತ್ಯ, ಸಂಗೀತ, ಗಾಯಕರ ಪಟ್ಟಿಯನ್ನು ನಾನೂ ಕೆಲವು ಗೆಳೆಯರೂ ಸೇರಿ ಮಾಡಿದ್ದೇವೆ. ಅನುಮಾನ ಇರುವ ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೇವೆ. ನಿಮ್ಮಲ್ಲಿ ಯಾರಿಗೆ ಬೇಕಿದ್ದರೂ ಕೇಳಿ, ಕಳಿಸುತ್ತೇವೆ. ದುಡ್ಡು ಬೇಡ, ನಮ್ಮ ಹೆಸರೂ ಬೇಡ. 1964ರ ಪಟ್ಟಿ ಶುರು ಮಾಡಿದ್ದೇವೆ, ಸದ್ಯಕ್ಕೆ ‘ನಾಂದಿ’ಯ ಹತ್ತಿರ ಇದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕೇಳುಗ
ಮೈಸೂರು